ಸಂತೆಯ ಸುಂಕ

ಸಂತೆಯಲ್ಲಿ ಜಾಗ ಹಿಡಿದವರು ಸುಂಕ ಕಟ್ಟಬೇಕು. ಕಲಾವಿದರು ಅಂತರಜಾಲದ ಸಂತೆಗೆ ಬಂದಾಗಲೂ ಈ ನಿಯಮ ತಪ್ಪಲಿಲ್ಲ.

2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎಟ್ಸಿ ಶುರುವಾಯಿತು. ಕೈಯಿಂದ ಮಾಡಿದ ವಸ್ತುಗಳೇ ಅದರ ಹೆಗ್ಗಳಿಕೆ. ಚಿತ್ರ ಮಾರಿದ ಬೆಲೆಯಲ್ಲಿ ಅರ್ಧದಷ್ಟನ್ನು ಗ್ಯಾಲರಿ ಇಟ್ಟುಕೊಳ್ಳುವುದು ಹೊಸದಲ್ಲ. ಎಟ್ಸಿ ಕೇಳುತ್ತಿದ್ದದ್ದು ನೂರಕ್ಕೆ 3.5. ಗ್ಯಾಲರಿಯ ಮೆಟ್ಟಿಲು ಹತ್ತಲಾಗದವರೂ ಮನೆಯಿಂದಲೇ ಅಂಗಡಿ ತೆರೆದರು.

ಸಂತೆ ಬೆಳೆದಂತೆ ಕಟ್ಟಳೆಗಳು ಸಡಿಲಾದವು, ಸುಂಕ ಬಿಗಿಯಾಯಿತು. 2013ರಲ್ಲಿ, ಒಪ್ಪಿಗೆ ಪಡೆದು ಹೊರಗಿನ ತಯಾರಕರಿಂದ ಮಾಡಿಸಿದ ಸರಕಿಗೂ ಅವಕಾಶ ಸಿಕ್ಕಿತು. 2015ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಹೋಯಿತು. 2018ರಲ್ಲಿ ಕಮಿಷನ್ ಶೇ. 5ಕ್ಕೆ ಏರಿತು. 2020ರಿಂದ, ವರ್ಷಕ್ಕೆ 10,000 ಡಾಲರ್ ವಹಿವಾಟು ಮುಟ್ಟಿದವರು ಹೊರಗಿನ ಜಾಹೀರಾತಿನಿಂದ ಬಂದ ಮಾರಾಟಕ್ಕೆ ಇನ್ನೂ ಶೇ. 12 ಕೊಡಬೇಕಾಯಿತು. ಒಲ್ಲೆ ಎನ್ನುವಂತಿರಲಿಲ್ಲ.

2022ರ ಏಪ್ರಿಲ್ 11ರಂದು ಕಮಿಷನ್ ಶೇ. 6.5 ಆಯಿತು. ಅದೇ ದಿನ ಸಾವಿರಾರು ಮಾರಾಟಗಾರರು ಅಂಗಡಿಗೆ 'ರಜೆ' ಎಂದು ಬರೆದು ಒಂದು ವಾರದ ಮುಷ್ಕರಕ್ಕಿಳಿದರು. ಕಮಿಷನ್ ಇಳಿಯಲಿಲ್ಲ. ವಾರ ಕಳೆದ ಮೇಲೆ ಹೆಚ್ಚಿನವರು ಮತ್ತೆ ಬಾಗಿಲು ತೆರೆದರು.

ಬೇರೆ ಸಂತೆಗೆ ಹೋಗಬಹುದಿತ್ತಲ್ಲ? ಸರಕನ್ನೇನೋ ಗಂಟು ಕಟ್ಟಿ ಒಯ್ಯಬಹುದು. ಕೊಂಡವರು ವರ್ಷಗಟ್ಟಲೆ ಬರೆದ ಮೆಚ್ಚುಗೆಯ ಮಾತುಗಳು, ಹುಡುಕಿದಾಗ ಮೇಲೆ ಬರುವ ಹೆಸರು ಗಂಟಿನಲ್ಲಿ ಬರುವುದಿಲ್ಲ. ಚಿತ್ರ ಕಲಾವಿದರದು, ಗಿರಾಕಿ ಬರುವ ದಾರಿ ಸಂತೆಯವರದು. ಸುಂಕ ಏರುವುದು ಆ ದಾರಿಗೆ.