ದೂರವಾಣಿ ಸರ್ವರ್‌ಗಳಲ್ಲಿ ಸಮಯದೋಷ: ಗಡಿಯಾರ, ಕಾಲವಲಯ ಮತ್ತು ಡೇಲೈಟ್ ಸೇವಿಂಗ್ ನಿಯಮ

ಕಚೇರಿಯ ದೂರವಾಣಿಗಳನ್ನು ನಡೆಸುವ ಪಿಬಿಎಕ್ಸ್ ಸರ್ವರ್‌ನ ಸಮಯ ತಪ್ಪಿದರೂ ಕರೆಗಳು ಎಂದಿನಂತೆ ಬರುತ್ತ ಹೋಗುತ್ತ ಇರುತ್ತವೆ. ಆದ್ದರಿಂದಲೇ ದೋಷ ಬಹುದಿನ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಬದಲಾಗಬೇಕಾದ ಸ್ವಾಗತಧ್ವನಿ ಒಂಬತ್ತರವರೆಗೂ ಕಚೇರಿ ಮುಚ್ಚಿದೆ ಎನ್ನುತ್ತಿರುತ್ತದೆ. ವಾಯ್ಸ್‌ಮೇಲ್ ಸಂದೇಶ ಬಂದ ಹೊತ್ತನ್ನು ತಪ್ಪಾಗಿ ಹೇಳುತ್ತದೆ. ಕರೆ ದಾಖಲೆ ಬಿಲ್ಲಿನೊಂದಿಗೆ ತಾಳೆಯಾಗುವುದಿಲ್ಲ. ಇದರ ಮೂಲ ಎರಡರಲ್ಲೊಂದು. ಯಂತ್ರದ ಗಡಿಯಾರವೇ ತಪ್ಪಿರಬಹುದು. ಇಲ್ಲವೇ ಗಡಿಯಾರ ಸರಿಯಿದ್ದು, ಅದನ್ನು ಸ್ಥಳೀಯ ಸಮಯಕ್ಕೆ ಪರಿವರ್ತಿಸುವ ನಿಯಮ ತಪ್ಪಿರಬಹುದು. ನಿಯಮ ತಪ್ಪಿದಾಗ ಗಡಿಯಾರವನ್ನು ತಿರುಗಿಸುವುದು ಅತಿ ಸಾಮಾನ್ಯವಾದ ಪ್ರಮಾದ.

ಆಸ್ಟರಿಸ್ಕ್‌ನಂಥ ತಂತ್ರಾಂಶ ಓಡುವ ಲಿನಕ್ಸ್ ಯಂತ್ರ ಸಮಯವನ್ನು 1970ರ ಜನವರಿ 1ರಿಂದ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಎಣಿಸಿದ ಸೆಕೆಂಡುಗಳಾಗಿ ಇಟ್ಟುಕೊಳ್ಳುತ್ತದೆ. ಈ ಎಣಿಕೆಗೆ ಊರೂ ಇಲ್ಲ, ಋತುವೂ ಇಲ್ಲ. ನ್ಯೂಯಾರ್ಕಿನಲ್ಲಿ ಈಗ ಎಷ್ಟು ಗಂಟೆ ಎಂಬುದನ್ನು ಕಾಲವಲಯದ ಕಡತ ಲೆಕ್ಕಹಾಕಿ ಕೊಡುತ್ತದೆ. ಆ ಕಡತಗಳ ಮೂಲ ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ, 2011ರಿಂದ ಐಎಎನ್ಎ ಆಶ್ರಯದಲ್ಲಿರುವ ಕಾಲವಲಯ ದತ್ತಸಂಚಯ. ಸರ್ಕಾರಗಳು ಕಾನೂನು ಬದಲಿಸಿದಾಗಲೆಲ್ಲ ಅದರ ಹೊಸ ಆವೃತ್ತಿ ಬರುತ್ತದೆ, ಸರ್ವರ್ ಅದನ್ನು ಪಡೆದುಕೊಳ್ಳಬೇಕಾಗುತ್ತದೆ.

ಅಮೆರಿಕದ 2007ರ ಬದಲಾವಣೆ ಇದಕ್ಕೆ ಮಾದರಿ ಪ್ರಕರಣ. ಅಲ್ಲಿಯವರೆಗೆ, ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಡೇಲೈಟ್ ಸೇವಿಂಗ್ ಏಪ್ರಿಲ್‌ನ ಮೊದಲ ಭಾನುವಾರ ಆರಂಭವಾಗಿ ಅಕ್ಟೋಬರ್‌ನ ಕೊನೆಯ ಭಾನುವಾರ ಮುಗಿಯುತ್ತಿತ್ತು. 2005ರ ಇಂಧನ ನೀತಿ ಕಾಯ್ದೆ ಅದನ್ನು ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹಿಗ್ಗಿಸಿತು. ಹಳೆಯ ನಿಯಮವನ್ನೇ ಇಟ್ಟುಕೊಂಡ ಸರ್ವರ್ 2007ರ ಮಾರ್ಚ್ 11ರಿಂದ ಏಪ್ರಿಲ್ 1ರವರೆಗೆ ಒಂದು ಗಂಟೆ ಹಿಂದೆ ಉಳಿಯುತ್ತದೆ, ಆಮೇಲೆ ಯಾರೂ ಮುಟ್ಟದೆ ಸರಿಹೋಗುತ್ತದೆ, ಅಕ್ಟೋಬರ್ 28ರಿಂದ ಒಂದು ವಾರ ಮತ್ತೆ ತಪ್ಪುತ್ತದೆ. ಹೀಗೆ ತಾನಾಗಿ ಬಂದು ತಾನಾಗಿ ಹೋಗುವ ದೋಷ ಹಳೆಯ ಕಡತದ ಖಚಿತ ಗುರುತು. ನಡುವೆ ಯಾರಾದರೂ ಕೈಯಾರೆ ಗಂಟೆ ತಿದ್ದಿದ್ದರೆ ಏಪ್ರಿಲ್‌ನಲ್ಲಿ ಅದೇ ಸರ್ವರ್ ಒಂದು ಗಂಟೆ ಮುಂದೆ ಓಡುತ್ತದೆ.

ತಪಾಸಣೆ ಆದ್ದರಿಂದ ಯುಟಿಸಿಯಿಂದಲೇ ಶುರುವಾಗಬೇಕು. ಟೈಮ್‌ಡೇಟ್‌ಸಿಟಿಎಲ್ ಆಜ್ಞೆ ಸ್ಥಳೀಯ ಸಮಯ, ಯುಟಿಸಿ, ಯಂತ್ರಾಂಶದ ಗಡಿಯಾರ ಮೂರನ್ನೂ ಒಟ್ಟಿಗೆ ತೋರಿಸುತ್ತದೆ. ಯುಟಿಸಿ ಸರಿಯಿದ್ದು ಸ್ಥಳೀಯ ಸಮಯ ಮಾತ್ರ ನಿಖರವಾಗಿ ಒಂದು ಗಂಟೆ ತಪ್ಪಿದ್ದರೆ ದೋಷ ನಿಯಮದ್ದು. ವ್ಯತ್ಯಾಸ ಕೆಲವು ಸೆಕೆಂಡು, ನಿಮಿಷಗಳಷ್ಟಿದ್ದು ದಿನೇದಿನೇ ಬೆಳೆಯುತ್ತಿದ್ದರೆ ಗಡಿಯಾರ ಜಾರುತ್ತಿದೆ; ದಶಲಕ್ಷಕ್ಕೆ 20 ಭಾಗದಷ್ಟು ತಪ್ಪುವ ಸ್ಫಟಿಕ ದಿನಕ್ಕೆ ಸುಮಾರು 1.7 ಸೆಕೆಂಡು ಜಾರಬಲ್ಲದು. ಇದಕ್ಕೆ ಪರಿಹಾರ, ಜಾಲದ ಮೂಲಕ ಗಡಿಯಾರ ಹೊಂದಿಸಲು ಡೇವಿಡ್ ಮಿಲ್ಸ್ ರೂಪಿಸಿದ ಎನ್‌ಟಿಪಿ. ಯುಡಿಪಿಯ 123ನೇ ಪೋರ್ಟನ್ನು ಫೈರ್‌ವಾಲ್ ತಡೆಯುತ್ತಿಲ್ಲವೇ ಎಂದು ಮೊದಲು ನೋಡುವುದು ಒಳಿತು. ವ್ಯತ್ಯಾಸ 1000 ಸೆಕೆಂಡು ಮೀರಿದ್ದರೆ ಎನ್‌ಟಿಪಿಯನ್ನು ನಡೆಸುವ ತಂತ್ರಾಂಶವಾದ ಎನ್‌ಟಿಪಿಡಿ ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ತಿದ್ದಲು ನಿರಾಕರಿಸಿ ನಿಂತುಬಿಡುತ್ತದೆ. ಯಂತ್ರಾಂಶದ ಗಡಿಯಾರದಲ್ಲಿ ಸ್ಥಳೀಯ ಸಮಯ ಕೂತಿದ್ದು, ಲಿನಕ್ಸ್ ಅದನ್ನು ಯುಟಿಸಿ ಎಂದು ಓದಿದಾಗ ಆಗುವುದು ಇದೇ. ಆಗ ಕರೆಗಳಿಲ್ಲದ ಹೊತ್ತು ನೋಡಿ ಒಂದೇ ಬಾರಿಗೆ ಸಮಯ ಸರಿಪಡಿಸಿ, ಯಂತ್ರಾಂಶಕ್ಕೂ ಯುಟಿಸಿಯನ್ನೇ ಬರೆಯಬೇಕು.

ವಲಯದ ಆಯ್ಕೆಯಲ್ಲಿ ಬಲೆಗಳು ಹೆಚ್ಚು. ಅಮೆರಿಕದ ಪೂರ್ವ ಭಾಗಕ್ಕೆ ‘ಅಮೆರಿಕಾ/ನ್ಯೂಯಾರ್ಕ್’ ಎಂಬ ಊರಿನ ಹೆಸರನ್ನೇ ಆರಿಸಬೇಕು. ಯುಟಿಸಿಯಿಂದ ಐದು ಗಂಟೆ ಹಿಂದೆ ಎಂಬ ಸ್ಥಿರ ಅಂತರವನ್ನು ಕೊಟ್ಟರೆ ಚಳಿಗಾಲವಿಡೀ ಸರಿ, ಬೇಸಗೆಯಿಡೀ ತಪ್ಪು. ಅದರ ಮೇಲೆ, ‘ಇಟಿಸಿ/ಜಿಎಂಟಿ’ ಎಂಬ ಹೆಸರುಗಳಲ್ಲಿ ಚಿಹ್ನೆ ತಿರುಗುಮುರುಗು: ಅಲ್ಲಿನ ಅಧಿಕ 5 ಎಂದರೆ ಐದು ಗಂಟೆ ಹಿಂದೆ. ಅರಿಜೋನಾದ ಬಹುಭಾಗದಲ್ಲಿ ಡೇಲೈಟ್ ಸೇವಿಂಗ್ ಇಲ್ಲವಾದ್ದರಿಂದ ಅಲ್ಲಿಗೆ ‘ಫೀನಿಕ್ಸ್’ ಬೇಕು, ‘ಡೆನ್ವರ್’ ಸಲ್ಲದು. ವಲಯ ಬದಲಿಸಿದ ಮೇಲೆ ದೂರವಾಣಿ ಸೇವೆಯನ್ನು ಮರುಪ್ರಾರಂಭಿಸುವುದು ಕ್ಷೇಮ, ಏಕೆಂದರೆ ಎಷ್ಟೋ ಪ್ರಕ್ರಿಯೆಗಳು ಕಾಲವಲಯವನ್ನು ಆರಂಭದಲ್ಲಿ ಒಮ್ಮೆ ಓದಿ ಸುಮ್ಮನಾಗುತ್ತವೆ. ಆಡಳಿತದ ವೆಬ್ ಪುಟ ಬಳಸುವ ಪಿಎಚ್‌ಪಿಗೂ ವಾಯ್ಸ್‌ಮೇಲ್‌ಗೂ ತಮ್ಮದೇ ವಲಯದ ಸೆಟ್ಟಿಂಗ್ ಇರುತ್ತದೆ. ಕಡೆಗೆ ಜಡ್‌ಡಂಪ್ ಆಜ್ಞೆಯಿಂದ ಮುಂದಿನ ಬದಲಾವಣೆಗಳ ದಿನಾಂಕಗಳನ್ನು ಹೊರತೆಗೆದು ನೋಡಿದರೆ ಮಾರ್ಚ್‌ವರೆಗೆ ಕಾಯದೆಯೇ ತಿದ್ದುಪಡಿಯನ್ನು ಪರೀಕ್ಷಿಸಬಹುದು.

ಸರ್ವರ್ ಸರಿಹೋದರೂ ಮೇಜಿನ ಮೇಲಿನ ಫೋನ್ ತಪ್ಪು ಗಂಟೆ ತೋರಿಸುವುದುಂಟು. ಐಪಿ ಕರೆಗಳನ್ನು ಜೋಡಿಸುವ ಸಿಪ್ ಸಂದೇಶದ ದಿನಾಂಕದ ಸಾಲು ಜಿಎಂಟಿಯಲ್ಲೇ ಇರಬೇಕೆಂಬುದು ಶಿಷ್ಟತೆಯ ನಿಯಮ. ಎನ್‌ಟಿಪಿ ಕೊಡುವುದೂ ಯುಟಿಸಿಯನ್ನೇ. ಹೀಗಾಗಿ ಐಪಿ ಫೋನ್ ತನ್ನೊಳಗಿನ ನಿಯಮದಿಂದ ಸ್ಥಳೀಯ ಸಮಯ ಕಟ್ಟಿಕೊಳ್ಳುತ್ತದೆ, ಆ ನಿಯಮವನ್ನು ಅದರ ಸಂರಚನಾ ಕಡತದಲ್ಲೇ ತಿದ್ದಬೇಕು. ಸಾದಾ ಅನಲಾಗ್ ಫೋನಿನ ಕಥೆ ಬೇರೆ. ಉತ್ತರ ಅಮೆರಿಕದ ಕಾಲರ್ ಐಡಿ ಸಂಕೇತ ಮೊದಲ ಮತ್ತು ಎರಡನೆಯ ರಿಂಗ್‌ಗಳ ನಡುವೆ ತಿಂಗಳು, ದಿನ, ಗಂಟೆ, ನಿಮಿಷವನ್ನೂ ಹೊತ್ತು ಬರುತ್ತದೆ, ಹಲವು ಫೋನ್‌ಗಳು ಅದನ್ನೇ ನಂಬಿ ಗಡಿಯಾರ ಹೊಂದಿಸಿಕೊಳ್ಳುತ್ತವೆ. ಬಳಕೆದಾರ ಕೈಯಾರೆ ಸರಿಮಾಡಿದ ಸಮಯವನ್ನು ಮುಂದಿನ ಕರೆ ಮತ್ತೆ ಕೆಡಿಸುವುದು ಈ ಕಾರಣಕ್ಕೆ.

ಎಲ್ಲ ಸೆಟ್ಟಿಂಗ್ ಸರಿಯಿದ್ದರೂ ಉಳಿಯುವ ತೊಡಕುಗಳು ಎರಡಿವೆ. ನವೆಂಬರ್‌ನ ಮೊದಲ ಭಾನುವಾರ ನಸುಕಿನ ಒಂದರಿಂದ ಎರಡರವರೆಗಿನ ಗಂಟೆ ಎರಡು ಬಾರಿ ಬರುತ್ತದೆ. ಮೊದಲ ಸುತ್ತಿನ 1:50ಕ್ಕೆ ಶುರುವಾದ 20 ನಿಮಿಷದ ಕರೆ ಎರಡನೆಯ ಸುತ್ತಿನ 1:10ಕ್ಕೆ ಮುಗಿಯುತ್ತದೆ. ಸ್ಥಳೀಯ ಸಮಯಗಳನ್ನು ಕಳೆದು ಅವಧಿ ಲೆಕ್ಕಹಾಕುವ ವರದಿಯಲ್ಲಿ ಅದು ಋಣ 40 ನಿಮಿಷ. ನ್ಯೂಯಾರ್ಕಿನ ಗ್ರಾಹಕರ ಕರೆ ತೆಗೆದುಕೊಳ್ಳುವ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಭಾರತೀಯ ಸಮಯ ವರ್ಷವಿಡೀ ಕದಲದಿದ್ದರೂ ಎರಡು ಊರುಗಳ ಅಂತರ ಒಂಬತ್ತೂವರೆ ಗಂಟೆಯಿಂದ ಹತ್ತೂವರೆಗೆ ಜಿಗಿಯುತ್ತದೆ. ಕರೆ ದಾಖಲೆಗಳನ್ನು ಯುಟಿಸಿಯಲ್ಲಿ ಬರೆದಿಟ್ಟು, ಓದುವಾಗ ಮಾತ್ರ ಆಯಾ ಊರಿನ ಸಮಯಕ್ಕೆ ತಿರುಗಿಸಿದರೆ ಎರಡೂ ತೊಡಕು ಉಳಿಯುವುದಿಲ್ಲ. ಆಸ್ಟರಿಸ್ಕ್‌ನ ಕರೆ ದಾಖಲೆಯ ಸಂರಚನೆಯಲ್ಲಿ ಇದಕ್ಕೆ ಒಂದು ಸಾಲಿನ ಅವಕಾಶವಿದೆ. ಪೂರ್ವನಿಯೋಜಿತವಾಗಿ ಅದು ಚಾಲ್ತಿಯಲ್ಲಿರುವುದಿಲ್ಲ.