ಮುಸುಕು ಯಾರ ಆಯ್ಕೆ?

ತಲೆಮುಸುಕು ಇಸ್ಲಾಮಿನಿಂದಲೇ ಬಂತೆನ್ನುವವರು ಪ್ರಾಚೀನ ಅಸ್ಸೀರಿಯಾದ ಕಾನೂನುಗಳನ್ನು ನೋಡಬೇಕು. ಇಸ್ಲಾಂ ಹುಟ್ಟುವ ಸಾವಿರದೈನೂರಕ್ಕೂ ಹೆಚ್ಚು ವರ್ಷ ಮೊದಲೇ ಅಲ್ಲಿ ವಿವಾಹಿತೆಯರಿಗೆ ಮುಸುಕು ಕಡ್ಡಾಯ. ವೇಶ್ಯೆಯರಿಗೆ, ದಾಸಿಯರಿಗೆ ನಿಷಿದ್ಧ, ಹೊದ್ದರೆ ಕ್ರೂರ ಶಿಕ್ಷೆ. ಅಲ್ಲಿ ಬಟ್ಟೆ ಸಾರುತ್ತಿದ್ದುದು ಭಕ್ತಿಯನ್ನಲ್ಲ, ಅಂತಸ್ತನ್ನು. ಕ್ರೈಸ್ತ ಸನ್ಯಾಸಿನಿಯ ಮುಸುಕಿನಲ್ಲಿ ತ್ಯಾಗವನ್ನೂ ಮುಸ್ಲಿಂ ಹೆಂಗಸಿನ ಮುಸುಕಿನಲ್ಲಿ ದಬ್ಬಾಳಿಕೆಯನ್ನೂ ಕಾಣುವವರು ಬರೀ ಬಟ್ಟೆಯನ್ನು ನೋಡುತ್ತಿಲ್ಲ. ಸನ್ಯಾಸಿನಿ ತಾನಾಗಿ ಒಪ್ಪಿದವಳಲ್ಲವೇ ಎನ್ನಬಹುದು. ಒಪ್ಪೋಣ, ಹಾಗಾದರೆ ಅಳೆಯಬೇಕಾದ್ದು ಒಪ್ಪಿಗೆಯನ್ನೇ. ಇರಾನಿನಲ್ಲಿ 1936ರಲ್ಲಿ ಮುಸುಕು ನಿಷೇಧಿಸಿದ ದೊರೆ ರೆಜಾ ಶಾನ ಪೊಲೀಸರು ನಡುಬೀದಿಯಲ್ಲಿ ಹೆಂಗಸರ ಮೈಮುಸುಕಾದ ಚಾದರವನ್ನು ಕಿತ್ತರು. ಎಷ್ಟೋ ಹೆಂಗಸರು ಹೊಸಿಲು ದಾಟುವುದನ್ನೇ ಬಿಟ್ಟರು. (ಇದಕ್ಕೆ ವಿಮೋಚನೆಯೆಂಬ ಹೆಸರು ಬೇರೆ!) ಇಸ್ಲಾಮಿಕ್ ಕ್ರಾಂತಿಯ ನಂತರ, 1979ರ ಮಾರ್ಚ್‌ನಲ್ಲಿ, ಕಡ್ಡಾಯ ಮುಸುಕಿನ ವಿರುದ್ಧ ಸಾವಿರಾರು ಮಹಿಳೆಯರು ಟೆಹರಾನಿನ ಬೀದಿಗಿಳಿದರು. ಆದರೂ 1983ರ ಕಾನೂನು ಮುಸುಕಿಲ್ಲದವರಿಗೆ 74 ಛಡಿಯೇಟು ಗೊತ್ತುಮಾಡಿತು.