ಕಿರಣದ ಪೆಟ್ಟೂ ಕೋಶದ ಪೊರೆಯೂ

ಕ್ಷ-ಕಿರಣದ ಹೆಸರನ್ನು ಕೇಳದವರು ನಮ್ಮ ಪಟ್ಟಣಗಳಲ್ಲಿ ಇಂದು ವಿರಳ. ಅದು ಮುರಿದ ಎಲುಬನ್ನು ತೋರಿಸುವುದು. ಅರ್ಬುದ ರೋಗದ ಗಂಟನ್ನು ಕರಗಿಸುವುದು. ಮಿತಿಮೀರಿದರೆ ಪ್ರಾಣವನ್ನೂ ತೆಗೆಯುವುದು. ಆದರೆ ಕಣ್ಣಿಗೆ ಕಾಣದ ಆ ಕಿರಣವು ಜೀವಕೋಶವನ್ನು ಎಲ್ಲಿ ಹೊಡೆದು ಕೊಲ್ಲುವುದು ಎಂಬ ಪ್ರಶ್ನೆಗೆ ಶಾಸ್ತ್ರಜ್ಞರು ನೂರು ವರ್ಷಗಳಿಗೂ ಮೀರಿ ಉತ್ತರವನ್ನು ಹುಡುಕಿದರು. ಆ ಶೋಧದ ಚರಿತ್ರೆಯನ್ನು ಶ್ರೋತೃಗಳ ಮುಂದಿಡುವುದು ನಮ್ಮ ಉದ್ದೇಶ.

ಪ್ರಶ್ನೆಯ ತೊಡಕು ಯಾವುದೆಂಬುದನ್ನು ಮೊದಲು ನೋಡೋಣ. ಮನುಷ್ಯನ ಇಡೀ ಮೈಗೆ ಒಮ್ಮೆಲೇ 4 ಗ್ರೇ ಪ್ರಮಾಣದ ಕಿರಣ ತಗುಲಿ, ಚಿಕಿತ್ಸೆಯೂ ದೊರೆಯದಿದ್ದರೆ, ಅವನು ಬದುಕುವುದು ಸಂದೇಹ. ಆದರೆ ಆ ಕಿರಣವು ತಂದ ಶಕ್ತಿಯನ್ನೆಲ್ಲ ಶಾಖವೆಂದೆಣಿಸಿದರೆ, ಮೈಯ ಬಿಸಿ ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಏರುವುದು. ಒಂದು ಗುಟುಕು ಬಿಸಿ ಕಾಫಿಯಲ್ಲಿಯೂ ಅಷ್ಟು ಶಾಖವುಂಟು. ಇಷ್ಟು ಅಲ್ಪವಾದ ಶಕ್ತಿಯಿಂದ ಅಷ್ಟು ದೊಡ್ಡ ಅನರ್ಥವಾಗಬೇಕಾದರೆ, ಕಿರಣದ ಪೆಟ್ಟು ಕೋಶದ ಯಾವುದೋ ಒಂದು ಮರ್ಮಸ್ಥಾನಕ್ಕೆ ಬಿದ್ದಿರಬೇಕು. ಆ ಮರ್ಮ ಯಾವುದು?

ರಂಟ್ಗೆನ್ ಪಂಡಿತನು ಕ್ಷ-ಕಿರಣವನ್ನು ಕಂಡುಹಿಡಿದುದು 1895ರಲ್ಲಿ. 1901ರಲ್ಲಿ ಬೆಕೆರಲ್ ಪಂಡಿತನು ರೇಡಿಯಮ್ಮಿನ ಕೊಳವೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದುದರಿಂದ ಅವನ ಮೈಮೇಲೆ ಸುಟ್ಟ ಗಾಯವೆದ್ದಿತು. 1906ರಲ್ಲಿ ಫ್ರಾನ್ಸಿನ ಬೆರ್ಗೊನಿಯೇ ಮತ್ತು ಟ್ರಿಬೊಂಡೋ ಎಂಬಿಬ್ಬರು, ಯಾವ ಕೋಶಗಳು ಹೆಚ್ಚು ಚುರುಕಾಗಿ ಒಡೆದು ಹೆಚ್ಚುತ್ತಿರುವುವೋ ಅವೇ ಕಿರಣಕ್ಕೆ ಸುಲಭವಾಗಿ ತುತ್ತಾಗುವುವೆಂದು ಸಾರಿದರು. 1927ರಲ್ಲಿ ಅಮೆರಿಕದ ಮುಲ್ಲರನು ಹಣ್ಣುನೊಣಗಳ ಮೇಲೆ ಕ್ಷ-ಕಿರಣವನ್ನು ಬಿಟ್ಟು, ಅವುಗಳ ಸಂತತಿಯಲ್ಲಿ ವಂಶಗುಣಗಳೇ ಬದಲಾಗುವುದನ್ನು ತೋರಿಸಿದನು. ಕೋಶವನ್ನು ಒಂದು ಊರೆಂದು ಭಾವಿಸಿದರೆ, ವಂಶಗುಣಗಳ ದಫ್ತರವಿರುವ ಶಾನುಭೋಗರ ಮನೆಯೇ ಅದರ ಕೇಂದ್ರಬೀಜ. ಕಿರಣವು ಆ ದಫ್ತರವನ್ನೇ ಹರಿದುಹಾಕುವುದೆಂಬ ಅಭಿಪ್ರಾಯ ಬಲವಾಯಿತು.

1956ರಲ್ಲಿ ಪಕ್ ಮತ್ತು ಮಾರ್ಕಸ್ ಎಂಬವರು ಮನುಷ್ಯನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಕಿರಣ ತಗುಲಿದ ಬಳಿಕ ಅವುಗಳಲ್ಲಿ ಎಷ್ಟು ಕೋಶಗಳು ಸಂಸಾರವನ್ನು ಬೆಳೆಸಬಲ್ಲುವೆಂದು ಎಣಿಸಿದರು. ಸಸ್ತನಿಗಳ ಕೋಶಗಳಿಗೆ ಕಿರಣವು ಮಾಡುವ ಹಾನಿಯನ್ನು ಅಳೆಯಲು ಈ ಎಣಿಕೆಯೇ ಒರೆಗಲ್ಲಾಯಿತು. 1970ರಲ್ಲಿ ಮುನ್ರೋ ಎಂಬವನು ಪೊಲೋನಿಯಮ್ಮನ್ನು ಲೇಪಿಸಿದ ಅತಿ ಸೂಕ್ಷ್ಮವಾದ ಸೂಜಿಯಿಂದ ಕೋಶದ ಹೊರಭಾಗವನ್ನು ಮಾತ್ರ ಹೊಡೆದುನೋಡಿದನು. ಎಷ್ಟು ಹೊಡೆದರೂ ಕೋಶದ ಸಂತತಿ ನಿಲ್ಲಲಿಲ್ಲ. ಕೇಂದ್ರಬೀಜಕ್ಕೆ ಸ್ವಲ್ಪ ಪೆಟ್ಟು ಬಿದ್ದೊಡನೆ ನಿಂತುಹೋಯಿತು. ವ್ಯಾಜ್ಯ ತೀರಿತೆಂದು ಬಹುಮಂದಿ ತಿಳಿದರು.

ಹೀಗಿರಲು, ಊರಿನ ಕೋಟೆಗೋಡೆಯಾದ ಪೊರೆಯ ವಿಚಾರವು ಬೇರೊಂದು ದಾರಿಯಲ್ಲಿ ಸಾಗುತ್ತಿದ್ದಿತು. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಮನುಷ್ಯನ ಹಾಗೂ ನಾಯಿ, ಕುರಿ, ಮೊಲ ಮೊದಲಾದ ಪ್ರಾಣಿಗಳ ರಕ್ತಕಣಗಳಿಂದ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿದರು. ಅದು ಕಣಗಳ ಮೈಯ ಎರಡರಷ್ಟು ವಿಸ್ತಾರವಾಯಿತು. ಪೊರೆಯು ಎರಡು ಪದರಗಳ ಕೊಬ್ಬೆಂದು ಅವರು ನಿರ್ಣಯಿಸಿದರು. ಅವರು ಕೊಬ್ಬನ್ನು ಪೂರ್ತಿಯಾಗಿ ತೆಗೆದಿರಲಿಲ್ಲವೆಂದೂ ಕಣದ ಮೈಯನ್ನು ಕಡಮೆಯಾಗಿ ಅಳೆದಿದ್ದರೆಂದೂ ಮುಂದೆ ತಿಳಿದುಬಂದಿತು. ಎರಡು ತಪ್ಪುಗಳೂ ಒಂದನ್ನೊಂದು ಸರಿದೂಗಿಸಿದ್ದುವು. ನಿರ್ಣಯವು ಮಾತ್ರ ಸರಿಯಾಗಿಯೇ ಉಳಿಯಿತು. ಈ ಕೊಬ್ಬಿನ ಅಣುವಿನ ತಲೆಗೆ ನೀರು ಇಷ್ಟ. ಬಾಲಕ್ಕೂ ನೀರಿಗೂ ಎಣ್ಣೆ-ಸೀಗೆಕಾಯಿಯ ಸಂಬಂಧ. ಆದುದರಿಂದ ಬಾಲಗಳು ಒಳಕ್ಕೆ ತಿರುಗಿ ಎರಡು ಸಾಲಾಗಿ ನಿಲ್ಲುವುವು. ಪೊರೆಯ ದಪ್ಪ ಒಂದು ಮಿಲಿಮೀಟರಿನ 2 ಲಕ್ಷದಲ್ಲಿ ಒಂದು ಪಾಲು.

ಹಳೆಯ ಎಣ್ಣೆಯು ಗಾಳಿಗೆ ಕಮಟಾಗುವುದನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಕಿರಣವು ಕೋಶದೊಳಗಿನ ನೀರನ್ನು ಒಡೆದಾಗ ಹುಟ್ಟುವ ಉಗ್ರವಾದ ತುಣುಕುಗಳು ಪೊರೆಯ ಕೊಬ್ಬನ್ನೂ ಹಾಗೆಯೇ ಕೆಡಿಸುವುವು. ಒಂದು ಸೊಡರಿನಿಂದ ಇನ್ನೊಂದು ಸೊಡರು ಹೊತ್ತಿಕೊಳ್ಳುವಂತೆ ಕೇಡು ಅಣುವಿನಿಂದ ಅಣುವಿಗೆ ಹಬ್ಬುವುದು. ಇ ಜೀವಸತ್ತ್ವವು ನಡುವೆ ಬಂದು ಅದನ್ನು ತಡೆಯುವುದು. 1972ರಲ್ಲಿ ಕೆನಡಾದ ಪೆಟ್ಕೋ ಎಂಬವನು ಕೃತಕವಾದ ಕೊಬ್ಬಿನ ಪೊರೆಗಳನ್ನು ಪರೀಕ್ಷಿಸಿ ಒಂದು ಆಶ್ಚರ್ಯವನ್ನು ಕಂಡನು. ಕಿರಣವನ್ನು ಬಿರುಸಾಗಿ ಬಿಟ್ಟಾಗ ಪೊರೆ ಒಡೆಯಲು ಬೇಕಾದ ಮೊತ್ತಕ್ಕಿಂತ, ಬಹುಕಾಲ ಮೆಲ್ಲಮೆಲ್ಲನೆ ಬಿಟ್ಟಾಗ ಬೇಕಾದ ಮೊತ್ತ ಎಷ್ಟೋ ಕಡಮೆಯಾಗಿತ್ತು. ಈ ಫಲವನ್ನು ಹಿಡಿದುಕೊಂಡು ಕೆಲವರು ದೊಡ್ಡ ಭೀತಿಯನ್ನು ಹಬ್ಬಿಸಿದರು. ಆದರೆ ಅದು ಜೀವವಿಲ್ಲದ ಪೊರೆ. ಜೀವಕೋಶಕ್ಕೆ ರಿಪೇರಿಯ ಸಾಮರ್ಥ್ಯವುಂಟೆಂಬುದನ್ನು ಮರೆಯಲಾಗದು. 1980ರ ದಶಕದ ಮೊದಲಲ್ಲಿ ಹಾಲೆಂಡಿನ ಕೋನಿಂಗ್ಸ್ ಮತ್ತು ಅವನ ಸಂಗಡಿಗರು, ಬೇಗ ಕಮಟಾಗುವ ಕೊಬ್ಬನ್ನು ಇಲಿಯ ಕೋಶಗಳ ಪೊರೆಯಲ್ಲಿ ಹೆಚ್ಚಿಸಿ ಕ್ಷ-ಕಿರಣವನ್ನು ಬಿಟ್ಟರು. ಬದುಕಿ ಉಳಿದ ಕೋಶಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಭೇದವೇನೂ ತೋರಲಿಲ್ಲ. ಪೊರೆಯ ಪಕ್ಷವು ಸೋತಂತೆಯೇ ಕಂಡಿತು.

ಆದರೆ 1994ರಲ್ಲಿ ನ್ಯೂಯಾರ್ಕಿನ ಹೈಮೋವಿಟ್ಸ್-ಫ್ರೀಡ್ಮನ್, ಫುಕ್ಸ್, ಕೊಲೆಸ್ನಿಕ್ ಮೊದಲಾದವರು ಕೇಂದ್ರಬೀಜವನ್ನೇ ತೆಗೆದುಹಾಕಿದ ಬರಿಯ ಪೊರೆಗಳಿಗೆ ಕಿರಣವನ್ನು ತಾಗಿಸಿದರು. ಪೊರೆಯಲ್ಲಿರುವ ಸ್ಫಿಂಗೋಮಯಲಿನ್ ಎಂಬ ಕೊಬ್ಬು ಒಡೆದು ಸೆರಮೈಡ್ ಎಂಬ ವಸ್ತು ಹೊರಬಂದಿತು. ಕೋಶವು ತನ್ನನ್ನು ತಾನೇ ಕೊಂದುಕೊಳ್ಳಲು ಇದೇ ಸಂಜ್ಞೆ. 1884ರಲ್ಲಿ ಥುಡಿಖಮ್ ಎಂಬ ವೈದ್ಯನು ಮಿದುಳಿನ ಈ ಜಾತಿಯ ಕೊಬ್ಬಿನ ಮೂಲವಸ್ತುವಿಗೆ, ಅದು ಒಡ್ಡಿದ ಒಗಟುಗಳಿಗಾಗಿ, ಗ್ರೀಕರ ಪುರಾಣದ ಸ್ಫಿಂಕ್ಸಿನ ಹೆಸರನ್ನಿಟ್ಟಿದ್ದನು. ನೂರಹತ್ತು ವರ್ಷಗಳ ಬಳಿಕ ಒಂದು ಒಗಟು ಬಿಡಿಸಿಕೊಂಡಿತು. 1996ರಲ್ಲಿ ಇನ್ನೊಂದು ಸಾಕ್ಷ್ಯ ದೊರೆಯಿತು. ನೀಮನ್-ಪಿಕ್ ಎಂಬ ವಂಶಪಾರಂಪರ್ಯದ ರೋಗವುಳ್ಳವರಲ್ಲಿ ಆ ಕೊಬ್ಬನ್ನು ಒಡೆಯುವ ಕಿಣ್ವವೇ ಇಲ್ಲ. ಅವರ ಕೋಶಗಳು ಕಿರಣ ತಗುಲಿದರೂ ಹಾಗೆ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ಕಿಣ್ವವನ್ನು ಮರಳಿ ಕೊಟ್ಟೊಡನೆ ಮಾಡಿಕೊಂಡುವು.

ಹಾಗಾದರೆ ಮುನ್ರೋವಿನ ಪರೀಕ್ಷೆ ಸುಳ್ಳೇ? ಎಂದಿಗೂ ಅಲ್ಲ. ಹಿಂದಿನವರು ಕೇಳಿದುದು, ಕೋಶವು ಸಂತತಿಯನ್ನು ಬೆಳೆಸಬಲ್ಲುದೇ ಎಂಬ ಪ್ರಶ್ನೆಯನ್ನು. ಅದಕ್ಕೆ ಕೇಂದ್ರಬೀಜವೇ ಉತ್ತರ. ಇಂದಿಗೂ ಅದೇ ಮುಖ್ಯ. ಯಾವ ಕೋಶವು ಕೆಲವೇ ಗಂಟೆಗಳಲ್ಲಿ, ಯಾರ ಆಜ್ಞೆಯಿಂದ ಸಾಯುವುದು ಎಂಬುದು ಬೇರೆಯ ಪ್ರಶ್ನೆ. ಅಲ್ಲಿ ಪೊರೆಯ ಮಾತಿಗೂ ಬೆಲೆಯುಂಟು. ಎಣಿಕೆಯ ತಟ್ಟೆಯು ಎರಡನೆಯ ಪ್ರಶ್ನೆಯನ್ನು ಕೇಳಲೇ ಇಲ್ಲ. ಆದುದರಿಂದ ಅದರ ಉತ್ತರವೂ ಕಾಣಲಿಲ್ಲ.

ಇದು ಬರಿಯ ಪಂಡಿತರ ವಾದವಲ್ಲ. ಕಬ್ಬಿಣದ ಸಹಾಯದಿಂದ ಪೊರೆಯ ಕೊಬ್ಬು ಕೆಟ್ಟು ಕೋಶವು ಸಾಯುವ ಬಗೆಗೆ 2012ರಲ್ಲಿ ಫೆರಾಪ್ಟೋಸಿಸ್ ಎಂಬ ಹೆಸರು ಬಂದಿತು. 2019 ಮತ್ತು 2020ರ ಸಂಶೋಧನೆಗಳಲ್ಲಿ ಕಿರಣಚಿಕಿತ್ಸೆಯು ಅರ್ಬುದದ ಕೋಶಗಳಲ್ಲಿ ಈ ಮರಣವನ್ನೂ ತರುವುದೆಂದು ಕಂಡುಬಂದಿತು. ರೋಗದ ಗಂಟಿನ ಪೊರೆಯನ್ನು ಮೆತುವಾಗಿಸಿ, ನೆರೆಯ ಆರೋಗ್ಯವಾದ ಅಂಗದ ಪೊರೆಯನ್ನು ಕಾಪಾಡಬಹುದೇ ಎಂಬ ಪ್ರಯತ್ನ ಈಗ ನಡೆಯುತ್ತಿದೆ. ಅದು ಕೈಗೂಡಿದರೆ ಕಡಮೆ ಕಿರಣದಿಂದ ಹೆಚ್ಚು ಗುಣ, ಕಡಮೆ ಸಂಕಟ. ಯಂತ್ರದ ಕೆಳಗೆ ಮಲಗಿದ ರೋಗಿಗೆ ಇದಕ್ಕಿಂತ ಮಿಗಿಲಾದ ಉಪಕಾರವು ಬೇರಾವುದಿದ್ದೀತು?